ದೊಡ್ಡ ಕಂಪನಿಗಳ ಹೆಸರಿನ ತಪ್ಪು ಸ್ಪೆಲ್ಲಿಂಗ್ ಡೊಮೇನ್ ತಗೊಂಡು ದುಡ್ಡು ಮಾಡಬಹುದಾ?

ಸಾಗರದ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಸಾಗರದವನು, ಈಗ ಶಿವಮೊಗ್ಗದಲ್ಲಿದ್ದೇನೆ. ಅಂಗಡಿಗಳಿಗೆ, ಹೋಂಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಗೆಳೆಯನೊಬ್ಬ ಒಂದು ಐಡಿಯಾ ಹಿಡಿದುಕೊಂಡು ಬಂದಿದ್ದಾನೆ. ಹೆಸರಾದ ಶಾಪಿಂಗ್ ಸೈಟು, ಬಸ್ ಟಿಕೆಟ್ ಸೈಟು, ಬ್ಯಾಂಕು, ಇವುಗಳ ವಿಳಾಸ ಟೈಪ್ ಮಾಡುವಾಗ ಜನ ಒಂದು ಅಕ್ಷರ ಬಿಡುತ್ತಾರೆ, ಇಲ್ಲ ಪಕ್ಕದ ಕೀ ಒತ್ತುತ್ತಾರೆ. ಆ ತಪ್ಪು ಹೆಸರುಗಳನ್ನೇ ನಾವು ನೋಂದಾಯಿಸಿ, ಜಾಹೀರಾತು ಪುಟ ಹಾಕಿಟ್ಟರೆ ಸಾಕು, ಜನ ತಾವಾಗೇ ಬರುತ್ತಾರೆ ಅಂತ ಅವನ ಲೆಕ್ಕ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಮ್ಮ ಕಡೆ ರೈತರು ದಿನಾ ನೋಡುವ ಅಡಿಕೆ ರೇಟಿನ ಸೈಟಿನ ಹೆಸರಿಗೂ ಒಂದು ಎಚ್ ಸೇರಿಸಿ ತಗೊಳ್ಳೋಣ ಅಂತಿದ್ದಾನೆ. ವರ್ಷಕ್ಕೆ ಒಂದು ಹೆಸರಿಗೆ ಸಾವಿರ ರೂಪಾಯಿ ಆಸುಪಾಸು ಖರ್ಚು, ಹೋದರೆ ಅಷ್ಟೇ ಹೋಗುತ್ತೆ ಅನ್ನುತ್ತಾನೆ. ಇದರಲ್ಲಿ ನಿಜವಾಗಿ ದುಡ್ಡಿದೆಯಾ? ಟ್ರೇಡ್‌ಮಾರ್ಕ್ ಕೇಸು ಅಂತ ಏನಾದರೂ ಬಂದರೆ ಎಷ್ಟು ದೂರ ಹೋಗಬಹುದು? ತಿಳಿದವರು ಹೇಳಿ.

ದುರ್ಗಿಗುಡಿ ವೆಬ್

ದುಡ್ಡಿನ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ನಿಮ್ಮ ಗೆಳೆಯ ಹೇಳುತ್ತಿರೋದು ಇಪ್ಪತ್ತು ವರ್ಷ ಹಿಂದಿನ ಕಥೆ.

ಆಗ ಜನ ಬ್ರೌಸರ್ ತೆರೆದು ಪೂರ್ತಿ ವಿಳಾಸ ಕೈಯಲ್ಲೇ ಹೊಡೆಯುತ್ತಿದ್ದರು. ತಪ್ಪಿದರೆ ಸೀದಾ ಯಾರದೋ ಜಾಹೀರಾತು ಪುಟಕ್ಕೆ ಹೋಗಿ ಬೀಳುತ್ತಿದ್ದರು. ಅಲ್ಲಿ ಯಾವುದೋ ಲಿಂಕ್ ಒತ್ತಿದರೆ ಜಾಹೀರಾತು ಕೊಟ್ಟವನಿಂದ ಬಂದ ಹಣದಲ್ಲಿ ಒಂದು ಪಾಲು ಡೊಮೇನ್ ಇಟ್ಟುಕೊಂಡವನಿಗೆ. ಇದನ್ನು ಪಾರ್ಕಿಂಗ್ ಅಂತಾರೆ. ಗೂಗಲ್ ಕೂಡ 2008ರಲ್ಲಿ ತನ್ನ ಜಾಹೀರಾತು ಸೇವೆ ಆಡ್‌ಸೆನ್ಸ್‌ನಲ್ಲಿ ಇಂಥ ಖಾಲಿ ಡೊಮೇನ್‌ಗಳಿಗಾಗಿಯೇ ಒಂದು ವಿಭಾಗ ತೆರೆದಿತ್ತು. 2012ರಲ್ಲಿ ಆ ವಿಭಾಗವನ್ನು ಮುಚ್ಚಿತು. ಇನ್ನೊಂದು ಆಟ ಇತ್ತು. ಹೆಸರು ನೋಂದಾಯಿಸಿದ ಮೇಲೆ 5 ದಿನದೊಳಗೆ ವಾಪಸ್ ಕೊಟ್ಟರೆ ದುಡ್ಡು ಹಿಂದೆ ಬರುತ್ತಿತ್ತು. ಹಾಗಾಗಿ ಲಕ್ಷಗಟ್ಟಲೆ ತಪ್ಪು ಹೆಸರು ತಗೊಂಡು, ಯಾವುದಕ್ಕೆ ಜನ ಬರುತ್ತಾರೆ ಅಂತ ನೋಡಿ, ಉಳಿದದ್ದನ್ನು ಬಿಸಾಡುತ್ತಿದ್ದರು. ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್ 2008-09ರ ಹೊತ್ತಿಗೆ ಹಾಗೆ ವಾಪಸ್ ಮಾಡುವುದಕ್ಕೆ ಶುಲ್ಕ ಹಾಕಿತು, ಆ ದಾರಿ ನಿಂತೇ ಹೋಯಿತು.

ಈಗ ಯಾರು ವಿಳಾಸ ಟೈಪ್ ಮಾಡುತ್ತಾರೆ ಹೇಳಿ? ಫೋನಿನಲ್ಲಿ ಆಪ್ ಇದೆ. ಇಲ್ಲ ಅಂದರೆ ಹುಡುಕುವ ಪಟ್ಟಿಯಲ್ಲಿ ಅರ್ಧ ಹೆಸರು ಹಾಕುತ್ತಾರೆ, ಅದೇ ಸರಿ ಮಾಡಿ ತೋರಿಸುತ್ತದೆ. ಹೆಸರಾದ ಸೈಟಿನ ಹಾಗೆ ಕಾಣುವ ವಿಳಾಸಕ್ಕೆ ಹೋದರೆ ಕ್ರೋಮ್ ಮಧ್ಯೆ ತಡೆದು, ನೀವು ಹೋಗಬೇಕಾದ್ದು ಇದೇನಾ ಅಂತ ಕೇಳುತ್ತದೆ. ಒಳ್ಳೆಯ ತಪ್ಪು ಹೆಸರುಗಳನ್ನು ಕಂಪನಿಗಳೇ ಯಾವತ್ತೋ ತಗೊಂಡಿವೆ. ಗೂಗಲ್ ಹೆಸರಲ್ಲಿ ಒಂದು ಓ ಬಿಟ್ಟು ಹೊಡೆದು ನೋಡಿ, ಗೂಗಲ್‌ಗೇ ಹೋಗುತ್ತೀರಿ. ಜಾಹೀರಾತು ಬದಲು ಶಾಪಿಂಗ್ ಸೈಟಿನ ಕಮಿಷನ್ ಲಿಂಕ್ ಹಾಕೋಣ ಅಂತ ನಿಮ್ಮ ಗೆಳೆಯ ಹೇಳಬಹುದು. ಅಮೆಜಾನಿನ ಒಪ್ಪಂದದಲ್ಲಿ ಅವರ ಹೆಸರನ್ನಾಗಲಿ, ಅದರ ತಪ್ಪು ಸ್ಪೆಲ್ಲಿಂಗನ್ನಾಗಲಿ ಡೊಮೇನಿನಲ್ಲಿ ಬಳಸಬಾರದು ಅಂತ ಇದೆ. ಖಾತೆಯನ್ನೂ ಮುಚ್ಚುತ್ತಾರೆ, ಬರಬೇಕಾದ ಕಮಿಷನ್ನೂ ಹೋಗುತ್ತದೆ.

ಕೋರ್ಟ್ ರಸ್ತೆ

ವಕೀಲಿಕೆಯಲ್ಲಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಭಾರತದಲ್ಲಿ ಡೊಮೇನ್ ಹೆಸರಿಗೆ ಅಂತಲೇ ಬೇರೆ ಕಾಯ್ದೆ ಇಲ್ಲ. ಆದರೆ ಇಲ್ಲ ಅಂದುಕೊಂಡು ಮುಂದೆ ಹೋದವರು ಸೋತಿದ್ದಾರೆ. 1999ರಲ್ಲೇ ಬಾಂಬೆ ಹೈಕೋರ್ಟಿಗೆ ರೆಡಿಫ್ ಅನ್ನುವ ವೆಬ್‌ಸೈಟ್ ಕಂಪನಿಯ ಕೇಸ್ ಬಂತು. ಎದುರಿನವರು ರೆಡಿಫ್‌ನಲ್ಲಿ ಇ ತೆಗೆದು ಎ ಹಾಕಿ ರಾಡಿಫ್ ಅಂತ ಡೊಮೇನ್ ತಗೊಂಡಿದ್ದರು. ಒಂದೇ ಅಕ್ಷರ. ಕೋರ್ಟ್ ತಡೆಯಾಜ್ಞೆ ಕೊಟ್ಟಿತು.

ಅದಕ್ಕಿಂತ ಮುಖ್ಯವಾದದ್ದು ನಮ್ಮ ಕರ್ನಾಟಕದಿಂದಲೇ ಹೋದ ಕೇಸು, ಸತ್ಯಂ ಇನ್ಫೋವೇ ವಿರುದ್ಧ ಸಿಫಿನೆಟ್ ಸಲ್ಯೂಷನ್ಸ್. ಸತ್ಯಂನವರ ಇಂಟರ್ನೆಟ್ ಸೇವೆಯ ಹೆಸರು ಸಿಫಿ. ಎದುರಿನವರು ಒಂದು ಎಫ್ ಜಾಸ್ತಿ ಹಾಕಿ ಸಿಫ್ಫಿನೆಟ್ ಅಂತ ಡಾಟ್ ಕಾಮ್, ಡಾಟ್ ನೆಟ್ ಎರಡೂ ತಗೊಂಡಿದ್ದರು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆದುಹಾಕಿತು, 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸಿವಿಲ್ ಕೋರ್ಟಿನ ಆದೇಶವನ್ನೇ ಎತ್ತಿಹಿಡಿಯಿತು. ಐದು ಜನ ಪ್ರವರ್ತಕರ ಹೆಸರಿನ ಮೊದಲ ಅಕ್ಷರ ಸೇರಿಸಿ ಈ ಹೆಸರು ಮಾಡಿದ್ದೇವೆ ಅಂತ ಅವರು ವಾದಿಸಿದ್ದರು. ನಮ್ಮ ವ್ಯಾಪಾರವೇ ಬೇರೆ, ಗೊಂದಲ ಆಗಲ್ಲ ಅಂತಲೂ ಹೇಳಿದ್ದರು. ಯಾವುದೂ ನಿಲ್ಲಲಿಲ್ಲ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನ ಗುಣ ಇರಬಹುದು, ಒಬ್ಬರ ಸರಕನ್ನು ಇನ್ನೊಬ್ಬರದು ಅಂತ ದಾಟಿಸುವುದನ್ನು ತಡೆಯುವ ಕಾನೂನು ಇಲ್ಲಿಗೂ ಅನ್ವಯಿಸುತ್ತದೆ ಅಂತ ತೀರ್ಪು. ಅಂದರೆ ಹೆಸರಿನ ಅಸಲಿ ಒಡೆಯರು ಅದಕ್ಕೆ ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸಿಲ್ಲದಿದ್ದರೂ, ಆ ಹೆಸರಿಗೆ ಜನರಲ್ಲಿ ಬೆಲೆ ಇದ್ದರೆ ಸಾಕು. ನಿಮ್ಮ ಅಡಿಕೆ ರೇಟಿನ ಸೈಟಿನವರು ಟ್ರೇಡ್‌ಮಾರ್ಕ್ ಮಾಡಿಸಿಲ್ಲ ಅಂತ ಧೈರ್ಯ ಮಾಡಬೇಡಿ.

ಕೋರ್ಟಿಗೆ ಹೋಗದೆಯೂ ಹೆಸರು ಕಿತ್ತುಕೊಳ್ಳಬಹುದು. ಡಾಟ್ ಕಾಮ್ ತರಹದವಕ್ಕೆ ಐಕ್ಯಾನ್ 1999ರಲ್ಲಿ ತಂದ ಯುಡಿಆರ್‌ಪಿ ಅನ್ನುವ ವಿವಾದ ಬಗೆಹರಿಸುವ ನಿಯಮ ಇದೆ. ದೂರು ಕೊಟ್ಟವರು ಮೂರು ವಿಷಯ ತೋರಿಸಬೇಕು: ಹೆಸರು ಗೊಂದಲ ಆಗುವಷ್ಟು ಹತ್ತಿರ ಇದೆ, ಇಟ್ಟುಕೊಂಡವನಿಗೆ ಅದರಲ್ಲಿ ನ್ಯಾಯವಾದ ಹಕ್ಕು ಅಥವಾ ಹಿತ ಇಲ್ಲ, ಕೆಟ್ಟ ಉದ್ದೇಶದಿಂದ ನೋಂದಾಯಿಸಿ ಬಳಸುತ್ತಿದ್ದಾನೆ. ಉತ್ತರ ಕೊಡಲು ನಿಮಗೆ 20 ದಿನ. ಡಾಟ್ ಇನ್ ಹೆಸರಿಗೆ, ಅವನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಇಂಥದ್ದೇ ನಿಯಮ ಐಎನ್‌ಡಿಆರ್‌ಪಿ. ಅಲ್ಲಿ ಇನ್ನೂ ಬಿಗಿ. ಕೆಟ್ಟ ಉದ್ದೇಶದಿಂದ ನೋಂದಾಯಿಸಿದ್ದು ಅಥವಾ ಬಳಸಿದ್ದು, ಎರಡರಲ್ಲಿ ಒಂದು ತೋರಿಸಿದರೆ ಸಾಕು. ತಪ್ಪು ಸ್ಪೆಲ್ಲಿಂಗ್ ಕೇಸಿನಲ್ಲಿ ಉದ್ದೇಶ ಹುಡುಕಬೇಕಾಗಿಯೇ ಇಲ್ಲ, ಹೆಸರೇ ಹೇಳುತ್ತದೆ. ಜನ ತಪ್ಪು ಮಾಡಲಿ ಅಂತ ಕಾಯುವುದಕ್ಕಲ್ಲದೆ ಆ ಹೆಸರು ಇನ್ಯಾವುದಕ್ಕೂ ಬೇಡ.

ಭದ್ರಾ ದಂಡೆ

ನನಗೆ ಒಂದು ಒಪ್ಪಿಗೆ ಆಗುತ್ತಿಲ್ಲ. ಯಾರೂ ತಗೊಂಡಿರದ ಹೆಸರು, ಮಾರಾಟಕ್ಕಿದೆ, ದುಡ್ಡು ಕೊಟ್ಟು ತಗೊಂಡಿದ್ದೇನೆ. ಅದು ಹೇಗೆ ಕಳ್ಳತನ? ದೊಡ್ಡ ಕಂಪನಿ ಅಂದಮಾತ್ರಕ್ಕೆ ಅವರ ಹೆಸರಿನ ಸುತ್ತಮುತ್ತಲ ಎಲ್ಲ ಅಕ್ಷರಗಳೂ ಅವರದ್ದೇನಾ? ನಮ್ಮ ಊರಿನ ಹೆಸರುಗಳನ್ನೇ ತಗೊಳ್ಳಿ. 2014ರ ತನಕ ಸರ್ಕಾರಿ ಕಾಗದದಲ್ಲೇ ಇಂಗ್ಲಿಷಿನಲ್ಲಿ ಶಿಮೊಗ ಅಂತಿತ್ತು, ಆಮೇಲೆ ಶಿವಮೊಗ್ಗ ಆಯಿತು, ಇವತ್ತಿಗೂ ಅಂಗಡಿ ಬೋರ್ಡುಗಳಲ್ಲಿ ಎರಡೂ ಇವೆ. ತೀರ್ಥಹಳ್ಳಿಗೆ ಒಬ್ಬರು ಟಿ ಪಕ್ಕ ಎಚ್ ಹಾಕುತ್ತಾರೆ, ಒಬ್ಬರು ಹಾಕಲ್ಲ. ಮಲೆನಾಡು ಅನ್ನೋದನ್ನು ಎಷ್ಟು ಥರ ಬರೆಯುತ್ತಾರೋ ಲೆಕ್ಕವಿಲ್ಲ. ಇದರಲ್ಲಿ ಯಾವುದು ಸರಿ, ಯಾವುದು ತಪ್ಪು ಸ್ಪೆಲ್ಲಿಂಗ್? ಮಲೆನಾಡು ಜೇನು ಅಂತ ಒಬ್ಬ ಮೊದಲು ಡೊಮೇನ್ ತಗೊಂಡರೆ, ಉಳಿದವರು ಯಾರೂ ಆ ಹೆಸರಿನ ಹತ್ತಿರ ಸುಳಿಯಬಾರದಾ?

ಕೋರ್ಟ್ ರಸ್ತೆ

ಒಳ್ಳೆಯ ಪ್ರಶ್ನೆ. ಸುಳಿಯಬಹುದು. ಊರಿನ ಹೆಸರು, ಬೆಳೆಯ ಹೆಸರು, ಸರಕಿನ ಹೆಸರು ಇವೆಲ್ಲ ಎಲ್ಲರ ಬಳಕೆಯವು. ನೀವು ನಿಜವಾಗಿ ಜೇನು ಮಾರುತ್ತಿದ್ದು, ನಿಮ್ಮ ಕಡೆ ಬರೆಯುವ ಹಾಗೆಯೇ ಮಲೆನಾಡು ಅಂತ ಬರೆದು ಡೊಮೇನ್ ತಗೊಂಡರೆ ನಿಮಗೂ ಹಕ್ಕಿದೆ. ಎದುರಿನವರು ಬರೀ ವರ್ಣಿಸುವ ಪದ ಇಟ್ಟುಕೊಂಡು ಎಲ್ಲರನ್ನೂ ಓಡಿಸುವುದಕ್ಕೆ ಆಗುವುದಿಲ್ಲ. ಆದರೆ ಒಬ್ಬರು ವರ್ಷಗಟ್ಟಲೆ ದುಡಿದು ಅದೇ ಹೆಸರಿಗೆ ಗುರುತು ಬರಿಸಿದ್ದು, ನೀವು ಜೇನೇ ಮಾರದೆ ಆ ಹೆಸರಿನ ಒಂದಕ್ಷರ ತಿದ್ದಿ, ಅವರ ಲೇಬಲ್ಲಿನ ಬಣ್ಣವನ್ನೂ ಹಾಕಿಟ್ಟರೆ ಅಲ್ಲಿ ಮಾತು ಬೇರೆ.

ತಪ್ಪು ಸ್ಪೆಲ್ಲಿಂಗ್ ಇಟ್ಟುಕೊಂಡೂ ಗೆದ್ದವರು ಇದ್ದಾರೆ. ಅಮೆರಿಕದಲ್ಲಿ ಜೆರ್ರಿ ಫಾಲ್ವೆಲ್ ಅನ್ನುವ ಧರ್ಮಬೋಧಕರ ಹೆಸರಿಗೆ ಒಂದು ಎಲ್ ಹೆಚ್ಚು ಹಾಕಿ ಒಬ್ಬರು ಸೈಟ್ ನಡೆಸುತ್ತಿದ್ದರು. ಅಲ್ಲಿದ್ದದ್ದು ಆ ಬೋಧಕರ ಮಾತುಗಳ ಟೀಕೆ, ವ್ಯಾಪಾರ ಏನೂ ಇರಲಿಲ್ಲ, ಇದು ಅವರ ಸೈಟ್ ಅಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದರು. 2005ರಲ್ಲಿ ಮೇಲ್ಮನವಿ ಕೋರ್ಟ್ ಟೀಕೆ ಮಾಡಿದವರ ಪರ ನಿಂತಿತು. ಹಾಗಾಗಿ ಅಕ್ಷರ ಒಂದೇ ಮುಖ್ಯ ಅಲ್ಲ, ಆ ಹೆಸರಿನಿಂದ ಏನು ಮಾಡುತ್ತೀರಿ ಅನ್ನೋದು ಮುಖ್ಯ. ಸಾಗರದ ಹುಡುಗನ ಗೆಳೆಯನ ಯೋಜನೆಯಲ್ಲಿ ಟೀಕೆಯೂ ಇಲ್ಲ, ಜೇನೂ ಇಲ್ಲ. ಬೇರೆಯವರ ಗಿರಾಕಿ ದಾರಿ ತಪ್ಪಿದ್ದಕ್ಕೆ ಬರುವ ಕಾಸು ಮಾತ್ರ ಇದೆ.

ಆಗುಂಬೆ ಮಳೆ

ಕೋರ್ಟು, ಕಾಯ್ದೆ ನನಗೆ ಅಷ್ಟು ತಿಳಿಯಲ್ಲ. ಆದರೆ ಆ ತುದಿಯಲ್ಲಿ ನಿಂತವರಿಗೆ ಹೇಗಿರುತ್ತೆ ಅಂತ ಹೇಳಬೇಕು ಅನ್ನಿಸಿತು.

ನಮ್ಮದು ತೀರ್ಥಹಳ್ಳಿ ತಾಲೂಕಿನಲ್ಲಿ ಚಿಕ್ಕ ಹೋಂಸ್ಟೇ. ಮಳೆಗಾಲದಲ್ಲಿ ಬೆಂಗಳೂರಿನ ಕಡೆಯವರು ಜಾಸ್ತಿ ಬರುತ್ತಾರೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ ಎರಡು ಕಾರಿನಲ್ಲಿ ಒಂದು ಕುಟುಂಬ ಬಂತು, ಜೊತೆಗೆ ವಯಸ್ಸಾದ ತಾಯಿ, ಸಣ್ಣ ಮಕ್ಕಳು. ಬುಕ್ ಮಾಡಿದ್ದೇವೆ, ಅಡ್ವಾನ್ಸ್ ಕಟ್ಟಿದ್ದೇವೆ ಅಂದರು. ನಮ್ಮ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ. ಫೋನ್ ತೋರಿಸಿದರು. ನಮ್ಮದೇ ಫೋಟೋ, ನಮ್ಮದೇ ಮನೆಯ ಮೆಟ್ಟಿಲು, ವಿಳಾಸದಲ್ಲಿ ಮಾತ್ರ ಒಂದು ಎ ಜಾಸ್ತಿ. ಮೊದಲು ಆ ಹೆಸರಿನಲ್ಲಿ ಬರೀ ಜಾಹೀರಾತು ಪುಟ ಇತ್ತಂತೆ, ನಮ್ಮ ಸೈಟ್ ಮಾಡಿಕೊಟ್ಟ ಹುಡುಗ ಅದನ್ನು ನೋಡಿದ್ದನಂತೆ. ಆಮೇಲೆ ಯಾರೋ ಅದನ್ನು ಕೊಂಡುಕೊಂಡು ಬುಕಿಂಗ್ ಪುಟ ಮಾಡಿದ್ದಾರೆ. ಅವತ್ತು ರೂಮುಗಳೆಲ್ಲ ತುಂಬಿದ್ದವು. ಘಾಟಿಯಲ್ಲಿ ಮಂಜು, ಮಳೆ, ಕತ್ತಲೆ. ನಮ್ಮ ಅತ್ತೆಯ ಕೋಣೆ ಖಾಲಿ ಮಾಡಿ, ಜಗಲಿಯಲ್ಲಿ ಹಾಸಿ ಅವರನ್ನು ಇರಿಸಿಕೊಂಡೆವು, ಅಡ್ವಾನ್ಸ್ ಹೋಗಿದ್ದಕ್ಕೆ ನಾವು ದುಡ್ಡು ತಗೊಳ್ಳಲಿಲ್ಲ. ಅವರು ಒಳ್ಳೆಯವರು, ಅರ್ಥ ಮಾಡಿಕೊಂಡರು. ಎಲ್ಲರೂ ಹಾಗಿರಲ್ಲ. ಇನ್ನೊಬ್ಬರು ನಾವೇ ಮೋಸ ಮಾಡಿದ್ದು ಅಂತ ಎಲ್ಲ ಕಡೆ ಬರೆದರು, ಆ ಮಾತು ಈಗಲೂ ಹಾಗೇ ಇದೆ.

ಬರೀ ಜಾಹೀರಾತು ಅಲ್ವಾ, ಯಾರಿಗೇನು ನಷ್ಟ ಅನ್ನುವವರಿಗೆ ಇದು. ಆ ಹೆಸರು ಮೊದಲು ಹಿಡಿದಿಟ್ಟವನೂ ಬಹುಶಃ ಹೀಗೇ ಅಂದುಕೊಂಡಿರುತ್ತಾನೆ. ಅವನು ಅದನ್ನು ಯಾರಿಗೆ ಮಾರಿದ ಅಂತ ಅವನಿಗೂ ಗೊತ್ತಿರಲಿಕ್ಕಿಲ್ಲ.

ಸಾಗರದ ಹುಡುಗ

ಓದಿ ಬೇಜಾರಾಯಿತು ಅಕ್ಕ. ಇದನ್ನು ಗೆಳೆಯನಿಗೂ ಕಳಿಸಿದೆ. ಅವನು ಈಗ ಬೇರೆ ಮಾತು ಹೇಳುತ್ತಿದ್ದಾನೆ. ಜಾಹೀರಾತು ಬೇಡ, ಹೆಸರು ಸುಮ್ನೆ ತಗೊಂಡು ಇಟ್ಟು, ಆ ಕಂಪನಿಗೇ ಮೇಲ್ ಹಾಕಿ ಮಾರೋಣ, ಅವರಿಗೂ ಒಳ್ಳೆಯದೇ ಅಲ್ವಾ ಅಂತ. ಇಲ್ಲಾಂದರೆ ಪುಟದ ಕೆಳಗೆ ನಮಗೂ ಅವರಿಗೂ ಸಂಬಂಧ ಇಲ್ಲ ಅಂತ ಬರೆದರೆ ಸಾಕಾಗಲ್ವಾ ಅಂತಾನೆ.

ಕೋರ್ಟ್ ರಸ್ತೆ

ಎರಡೂ ಕೆಲಸಕ್ಕೆ ಬರಲ್ಲ. ಟ್ರೇಡ್‌ಮಾರ್ಕ್ ಇರುವವರಿಗೇ ಖರ್ಚಿಗಿಂತ ಹೆಚ್ಚು ಬೆಲೆಗೆ ಮಾರುವುದಕ್ಕಾಗಿ ಹೆಸರು ತಗೊಳ್ಳುವುದನ್ನು ಯುಡಿಆರ್‌ಪಿಯಲ್ಲಿ ಕೆಟ್ಟ ಉದ್ದೇಶದ ಮೊದಲ ಉದಾಹರಣೆಯಾಗಿ ಬರೆದಿದ್ದಾರೆ. ನಿಮ್ಮ ಗೆಳೆಯ ಕಳಿಸುವ ಆ ಮೇಲ್ ಅನ್ನೇ ಅವರು ದೂರಿನ ಜೊತೆ ಲಗತ್ತಿಸುತ್ತಾರೆ. ಪುಟದ ಕೆಳಗೆ ಸಂಬಂಧ ಇಲ್ಲ ಅಂತ ಬರೆದರೆ, ಟೀಕೆಯ ಸೈಟಿಗೆ ಅದು ಒಂದಿಷ್ಟು ಬಲ ಕೊಡಬಹುದು. ಜಾಹೀರಾತಿನ ಪುಟಕ್ಕೆ ಇಲ್ಲ, ಯಾಕೆಂದರೆ ಅದನ್ನು ಓದುವ ಹೊತ್ತಿಗೆ ಜನ ತಪ್ಪು ಜಾಗಕ್ಕೆ ಬಂದಾಗಿರುತ್ತದೆ.

ಎಷ್ಟು ದೂರ ಹೋಗಬಹುದು ಅಂತ ಕೇಳಿದ್ದಿರಿ. ಯುಡಿಆರ್‌ಪಿಯಲ್ಲಿ ಹೆಸರು ರದ್ದಾಗುತ್ತದೆ ಇಲ್ಲ ಅವರಿಗೆ ಹೋಗುತ್ತದೆ, ದಂಡ ಇಲ್ಲ. ಇಂಥ ದೂರು ನಡೆಸುವ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆ ವೈಪೋದಲ್ಲಿ ಕಂಪನಿಗೆ ಒಬ್ಬ ತೀರ್ಪುಗಾರರಿಗೆ 1500 ಡಾಲರ್ ಶುಲ್ಕ, ಅಷ್ಟರಲ್ಲಿ ಐದು ಹೆಸರಿನ ತನಕ ಒಟ್ಟಿಗೇ ದೂರು ಕೊಡಬಹುದು, ದೊಡ್ಡವರಿಗೆ ಅದೇನೂ ಅಲ್ಲ. ನಮ್ಮ ಕೋರ್ಟಿಗೆ ಬಂದರೆ ತಡೆಯಾಜ್ಞೆಯ ಜೊತೆ ನಷ್ಟ ಪರಿಹಾರ ಅಥವಾ ನೀವು ಮಾಡಿದ ಲಾಭದ ಲೆಕ್ಕ ಕೇಳಬಹುದು. ಇನ್ನೊಂದು ವಿಷಯ ಇಲ್ಲಿನವರಿಗೆ ಗೊತ್ತಿರಲ್ಲ. ಟ್ರೇಡ್‌ಮಾರ್ಕ್ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ, ನೋಂದಾಯಿತ ಮಾರ್ಕಿನ ಉಲ್ಲಂಘನೆ ಅಂತ ಕೇಸು ಹಾಕುವವರು ತಾವು ವ್ಯಾಪಾರ ಮಾಡುವ ಜಾಗದ ಕೋರ್ಟಿನಲ್ಲೇ ಹಾಕಬಹುದು. ದೆಹಲಿಯಲ್ಲೋ ಮುಂಬೈನಲ್ಲೋ ಹಾಕಿದರೆ ಶಿವಮೊಗ್ಗದಿಂದ ನೀವು ವಕೀಲರನ್ನು ಇಟ್ಟು ಓಡಾಡಬೇಕು. ನಿಮ್ಮ ಹೆಸರು ತಿಳಿಯದಿದ್ದರೂ ಪರವಾಗಿಲ್ಲ, ನಮ್ಮಲ್ಲಿ ಗುರುತು ಸಿಗದ ಪ್ರತಿವಾದಿಗೆ ಅಶೋಕ್ ಕುಮಾರ್ ಅಂತ ಹೆಸರಿಟ್ಟು ಕೇಸು ನಡೆಸುತ್ತಾರೆ, ಆಮೇಲೆ ನೋಂದಣಿ ಕಂಪನಿಯಿಂದ ವಿವರ ತರಿಸುತ್ತಾರೆ.

ಡಾಟ್ ಕಾಮ್ ಹೆಸರುಗಳ ದಾಖಲೆ ಇಡುವ ರಿಜಿಸ್ಟ್ರಿ ಇರೋದು ಅಮೆರಿಕದಲ್ಲಿ, ಆದ್ದರಿಂದ ಅಲ್ಲಿನ ಕಾಯ್ದೆಯೂ ಗೊತ್ತಿರಲಿ. ಅಲ್ಲಿ 1999ರ ಕಾಯ್ದೆಯಲ್ಲಿ ನಷ್ಟ ಎಷ್ಟಾಯಿತು ಅಂತ ಸಾಬೀತು ಮಾಡದೆಯೂ ಒಂದು ಹೆಸರಿಗೆ 1,000 ಡಾಲರಿನಿಂದ 1,00,000 ಡಾಲರ್ ತನಕ ಹಾಕಬಹುದು. ಜಾನ್ ಜುಕಾರಿನಿ ಅನ್ನುವವನು ಸಾವಿರಾರು ತಪ್ಪು ಹೆಸರು ಇಟ್ಟುಕೊಂಡಿದ್ದ. 2000ದಲ್ಲಿ ಎಲೆಕ್ಟ್ರಾನಿಕ್ಸ್ ಬೂಟೀಕ್ ಕೇಸಿನಲ್ಲಿ ಐದು ಹೆಸರಿಗೆ 5 ಲಕ್ಷ ಡಾಲರ್ ಬಿತ್ತು. ಅಷ್ಟಕ್ಕೂ ನಿಲ್ಲಿಸಲಿಲ್ಲ. ಮಕ್ಕಳು ಹುಡುಕುವ ಹೆಸರುಗಳ ತಪ್ಪು ಸ್ಪೆಲ್ಲಿಂಗಿನಿಂದ ಅವರನ್ನು ಅಶ್ಲೀಲ ಪುಟಗಳಿಗೆ ಕಳಿಸಿದ್ದಕ್ಕೆ 2004ರಲ್ಲಿ 30 ತಿಂಗಳು ಜೈಲಾಯಿತು. 2013ರಲ್ಲಿ ಫೇಸ್‌ಬುಕ್‌ಗೆ 105 ತಪ್ಪು ಹೆಸರುಗಳ ಕೇಸಿನಲ್ಲಿ ಸುಮಾರು 28 ಲಕ್ಷ ಡಾಲರ್ ಕೊಡಬೇಕು ಅಂತ ಆದೇಶ ಆಯಿತು.

ತುಂಗಾ ತೀರ, ಈಗ ಬೆಂಗಳೂರು

ಸೈಬರ್ ಭದ್ರತೆಯ ಕೆಲಸ ನನ್ನದು. ಇಲ್ಲಿ ಯಾರೂ ಇನ್ನೂ ಇಮೇಲ್ ವಿಷಯ ಎತ್ತಿಲ್ಲ.

ತಪ್ಪು ಡೊಮೇನಿಗೆ ಬರೀ ಬ್ರೌಸರ್ ಬರಲ್ಲ, ಮೇಲ್ ಕೂಡ ಬರುತ್ತದೆ. ಬ್ಯಾಂಕಿನ ಮೇಲ್ ವಿಳಾಸದಲ್ಲಿ ಒಂದು ಅಕ್ಷರ ತಪ್ಪಿದರೆ, ಆ ತಪ್ಪು ಹೆಸರು ಯಾರ ಹತ್ತಿರ ಇದೆಯೋ ಅವರಿಗೆ ಆ ಪತ್ರ ಹೋಗಬಹುದು. 2011ರಲ್ಲಿ ಗೊಡೈ ಗ್ರೂಪ್ ಅನ್ನುವ ಭದ್ರತಾ ಸಂಸ್ಥೆಯ ಸಂಶೋಧಕರು ದೊಡ್ಡ ಕಂಪನಿಗಳ ಮೇಲ್ ವಿಳಾಸದಲ್ಲಿ ಚುಕ್ಕೆ ಬಿಟ್ಟುಹೋದ ಹಾಗೆ ಕಾಣುವ ಡೊಮೇನ್‌ಗಳನ್ನು ತಗೊಂಡು ಆರು ತಿಂಗಳು ಸುಮ್ನೆ ಕೂತರು. ಬಂದದ್ದು ಸುಮಾರು 1,20,000 ಮೇಲ್, 20 ಜಿಬಿ. ಅದರಲ್ಲಿ ಪಾಸ್‌ವರ್ಡು, ಒಪ್ಪಂದದ ಪತ್ರ ಎಲ್ಲ ಇದ್ದವು. ಅಮೆರಿಕದ ಸೇನೆಯ ವಿಳಾಸ ಡಾಟ್ ಎಂಐಎಲ್. ಅದರಲ್ಲಿ ಐ ಬಿಟ್ಟರೆ ಮಾಲಿ ದೇಶದ ಡಾಟ್ ಎಂಎಲ್. ಲಕ್ಷಗಟ್ಟಲೆ ಮೇಲ್ ಹಾಗೆ ಮಾಲಿಯ ಕಡೆ ಹೋಗುತ್ತಿದ್ದದ್ದು 2023ರಲ್ಲಿ ಸುದ್ದಿಯಾಯಿತು.

ಇದನ್ನು ನಮ್ಮ ಊರಿಗೆ ತಂದು ನೋಡಿ. ಸೊಸೈಟಿಗೆ ಸಾಲದ ಅರ್ಜಿ ಕಳಿಸುವಾಗ ರೈತ ಪಹಣಿ, ಆಧಾರ್, ಪಾಸ್‌ಬುಕ್ಕಿನ ಪುಟ ಎಲ್ಲ ಫೋಟೋ ತೆಗೆದು ಹಾಕುತ್ತಾನೆ. ಕನ್ನಡದಲ್ಲಿ ಓದು ಬರಹ ಚೆನ್ನಾಗಿ ಬರುವವರೂ ಇಂಗ್ಲಿಷ್ ಅಕ್ಷರದ ವಿಳಾಸ ಹೊಡೆಯುವಾಗ ತಡವರಿಸುತ್ತಾರೆ, ಅದು ಅವರ ದಡ್ಡತನ ಅಲ್ಲ, ನಮ್ಮ ಹೆಸರುಗಳಿಗೆ ಆ ಲಿಪಿಯಲ್ಲಿ ಒಂದೇ ರೂಪ ಇಲ್ಲ. ಗೆಳೆಯನ ಯೋಜನೆ ನಿಂತಿರೋದು ಇವರ ತಡವರಿಕೆಯ ಮೇಲೆ. ದೊಡ್ಡ ಕಂಪನಿಯಿಂದ ನಾಲ್ಕು ಕಾಸು ಕಿತ್ತೆವು ಅಂತ ಅನ್ನಿಸಬಹುದು, ಆದರೆ ತಪ್ಪು ಪುಟದ ಮುಂದೆ ಕೂತಿರುವವರು ನಮ್ಮ ಅಪ್ಪ, ಚಿಕ್ಕಪ್ಪಂದಿರೇ. ಇದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ.

ಭದ್ರಾ ದಂಡೆ

ಮೇಲ್ ವಿಷಯ ನನಗೆ ಹೊಳೆದಿರಲಿಲ್ಲ. ಊರಿನ ಹೆಸರು ಎಲ್ಲರದ್ದು ಅನ್ನುವ ನನ್ನ ಮಾತು ಹಾಗೇ ಇರಲಿ, ಆದರೆ ಬ್ಯಾಂಕು, ಸೊಸೈಟಿ ಹೆಸರಿಗೆ ಕೈ ಹಾಕಬಾರದು ಅನ್ನೋದು ಒಪ್ಪಿದೆ.

ಆಗುಂಬೆ ಮಳೆ

ನಮ್ಮಂಥವರು ಏನು ಮಾಡಬೇಕು ಅಂತ ಯಾರಾದರೂ ಹೇಳುತ್ತೀರಾ? ಆ ಸೈಟ್ ಈಗ ಇಲ್ಲ, ಆದರೆ ಮತ್ತೆ ಯಾರಾದರೂ ಮಾಡಿದರೆ?

ದುರ್ಗಿಗುಡಿ ವೆಬ್

ನಿಮ್ಮ ಹೆಸರನ್ನು ಅತಿಥಿಗಳು ಹೇಗೆಲ್ಲ ಬರೆಯುತ್ತಾರೆ ಅಂತ ವಾಟ್ಸಾಪ್ ಮೆಸೇಜುಗಳಲ್ಲಿ ಒಮ್ಮೆ ನೋಡಿ. ಜಾಸ್ತಿ ಸಲ ಕಾಣುವ ಎರಡು ಮೂರು ರೂಪಗಳನ್ನು ನೀವೇ ನೋಂದಾಯಿಸಿ, ಎಲ್ಲವೂ ಅಸಲಿ ಸೈಟಿಗೇ ಹೋಗುವ ಹಾಗೆ ಮಾಡಿಸಿ. ಡಾಟ್ ಕಾಮ್ ಇದ್ದರೆ ಡಾಟ್ ಇನ್ ಕೂಡ. ಎಲ್ಲ ತಪ್ಪುಗಳನ್ನೂ ಕೊಳ್ಳಲು ಹೋಗಬೇಡಿ, ಅದಕ್ಕೆ ಕೊನೆಯಿಲ್ಲ. ನವೀಕರಣದ ದಿನಾಂಕ ಮಾತ್ರ ಮರೆಯಬೇಡಿ. ತೋಟದ ಬೇಲಿಯ ಹಾಗೆ, ಒಂದು ಕಡೆ ಬಿಟ್ಟರೂ ಅಲ್ಲಿಂದಲೇ ನುಗ್ಗುತ್ತಾರೆ. ಮತ್ತೆ ಡೊಮೇನ್ ನಿಮ್ಮ ಹೆಸರಿನಲ್ಲೇ ಇರಬೇಕು, ಸೈಟ್ ಮಾಡಿಕೊಟ್ಟವರ ಖಾತೆಯಲ್ಲಲ್ಲ. ನಮ್ಮ ಕಡೆ ಇದನ್ನು ಬಹಳ ಜನ ನೋಡಿಕೊಳ್ಳುವುದೇ ಇಲ್ಲ.

ಕೋರ್ಟ್ ರಸ್ತೆ

ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ. ವಸತಿ, ಊಟದ ಸೇವೆ 43ನೇ ವರ್ಗಕ್ಕೆ ಬರುತ್ತದೆ. ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಅಂತ ಆನ್‌ಲೈನಿನಲ್ಲಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಸರ್ಕಾರಿ ಶುಲ್ಕ, ಸಿಕ್ಕಿದರೆ 10 ವರ್ಷ. ಬರೀ ಆಗುಂಬೆ ಹೋಂಸ್ಟೇ ಅಂತ ಇದ್ದರೆ ಸಿಗುವುದು ಕಷ್ಟ, ನಿಮ್ಮದೇ ಆದ ಒಂದು ಪದ ಜೊತೆಗಿರಲಿ.

ಮತ್ತೆ ನಕಲಿ ಸೈಟ್ ಬಂದರೆ ಮೊದಲು ವಿಳಾಸ ಕಾಣುವ ಹಾಗೆ, ತಾರೀಖಿನ ಸಮೇತ ಎಲ್ಲ ಪುಟಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಅಳಿಸಿಹೋದ ಮೇಲೆ ಸಾಕ್ಷಿ ಸಿಗಲ್ಲ. ದುಡ್ಡು ಕಳೆದುಕೊಂಡ ಅತಿಥಿಗೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ಹೇಳಿ, ತಡವಾದಷ್ಟೂ ಹಣ ಬೇರೆ ಖಾತೆಗಳಿಗೆ ಹೋಗಿಬಿಡುತ್ತದೆ. ಇನ್ನೊಬ್ಬರ ಸೋಗಿನಲ್ಲಿ ಕಂಪ್ಯೂಟರ್ ಬಳಸಿ ಮೋಸ ಮಾಡಿದರೆ ಐಟಿ ಕಾಯ್ದೆಯ 66ಡಿ ಬರುತ್ತದೆ, 3 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ. ಜೊತೆಗೆ ಆ ಹೆಸರು ನೋಂದಾಯಿಸಿದ ಕಂಪನಿಯ ದುರ್ಬಳಕೆ ದೂರಿನ ವಿಳಾಸಕ್ಕೆ ಸ್ಕ್ರೀನ್‌ಶಾಟ್ ಸಮೇತ ಬರೆಯಿರಿ.

ಸಾಗರದ ಹುಡುಗ

ನಾನು ಇದರಲ್ಲಿ ಸೇರುವುದಿಲ್ಲ ಅಂತ ಗೆಳೆಯನಿಗೆ ಹೇಳಿಬಿಟ್ಟೆ. ಅವನು ಇನ್ನೂ ಯೋಚನೆ ಮಾಡುತ್ತಿದ್ದಾನೆ, ಈ ಮಾತುಗಳನ್ನೆಲ್ಲ ಕೂರಿಸಿಕೊಂಡು ಓದಿಸುತ್ತೇನೆ. ಆದರೆ ಅಡಿಕೆ ರೇಟು ತೋರಿಸುವ ಕೆಲಸ ನನಗೆ ಇಷ್ಟ. ರಾಶಿ, ಬೆಟ್ಟೆ, ಗೊರಬಲು, ಸರಕು ಎಲ್ಲದರ ದರ ಒಂದೇ ಕಡೆ, ಪೂರ್ತಿ ಕನ್ನಡದಲ್ಲಿ, ಜಾಹೀರಾತು ಕಡಿಮೆ ಇಟ್ಟು ಮಾಡಬೇಕು ಅಂತಿದ್ದೇನೆ. ಹೆಸರಲ್ಲಿ ಅಡಿಕೆ ಅಂತ ಇಟ್ಟುಕೊಳ್ಳಬಹುದು ತಾನೇ?

ಕೋರ್ಟ್ ರಸ್ತೆ

ಧಾರಾಳವಾಗಿ. ಅಡಿಕೆ ಯಾರೊಬ್ಬರ ಸ್ವತ್ತಲ್ಲ. ಈಗಿರುವ ಸೈಟಿನ ಹೆಸರಿಗೆ ಹತ್ತಿರ ಹೋಗದ ಇನ್ನೊಂದು ಪದ ಜೊತೆಗೆ ಸೇರಿಸಿ, ತಗೊಳ್ಳುವ ಮೊದಲು ಟ್ರೇಡ್‌ಮಾರ್ಕ್ ಇಲಾಖೆಯ ಸೈಟಿನಲ್ಲಿ ಹುಡುಕಿ ನೋಡಿ, ಅದು ಉಚಿತ. ಅವರ ಪುಟದ ಬಣ್ಣ, ಜೋಡಣೆ ನಕಲು ಮಾಡಬೇಡಿ.

ತುಂಗಾ ತೀರ, ಈಗ ಬೆಂಗಳೂರು

ಡಾಟ್ ಭಾರತ ಅಂತ ಕನ್ನಡ ಲಿಪಿಯಲ್ಲೇ ವಿಳಾಸ ಸಿಗುತ್ತದೆ, ಅದನ್ನೂ ಒಂದು ತಗೊಳ್ಳಿ. ನಮ್ಮ ತಂದೆ ದಿನಾ ಬೆಳಿಗ್ಗೆ ರೇಟು ನೋಡುವವರು, ಸೈಟ್ ಆದ ಮೇಲೆ ಹೇಳಿ, ಅವರ ಫೋನಿನಲ್ಲಿ ಹಾಕಿಕೊಡುತ್ತೇನೆ. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ.